ಪಾಠ ಹೇಳಿ ಮರಳಿದವರ ಓದಿಗೆ ದುಡ್ಡು ಎಲ್ಲಿಂದ?

ನೆಟ್ ಪರೀಕ್ಷೆ ಬರೆಯುವವರಲ್ಲಿ ಎರಡು ಬಗೆ. ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗುವ ಅರ್ಹತೆ ಸಾಕು ಎನ್ನುವವರಿಗೆ ವಯಸ್ಸಿನ ಮಿತಿ ಇಲ್ಲ. ಸಂಶೋಧನೆ ಮಾಡುವಾಗ ತಿಂಗಳು ತಿಂಗಳು ಕೈಗೆ ಹಣ ಬರಬೇಕು ಎನ್ನುವವರಿಗೆ, ಅಂದರೆ ಜೆಆರ್‌ಎಫ್ ಬಯಸುವವರಿಗೆ, ಮಿತಿ 30 ವರ್ಷ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಮತ್ತು ಅಂಗವಿಕಲರಿಗೆ ಐದು ವರ್ಷದ ಸಡಿಲಿಕೆ ಇದೆ. ಈ ಫೆಲೋಶಿಪ್ 2023ರ ಜನವರಿಯಿಂದ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಐದು ವರ್ಷಕ್ಕೆ ಕೂಡಿಸಿದರೆ ಮನೆಬಾಡಿಗೆ ಭತ್ಯೆ ಬಿಟ್ಟು 24 ಲಕ್ಷ.

ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಹೊರದೇಶಕ್ಕೆ ಹೋಗಿ ಪಾಠ ಹೇಳಿ ಮರಳಿದವರಲ್ಲಿ ಹೆಚ್ಚಿನವರು ಈ 24 ಲಕ್ಷಕ್ಕಿರುವ ವಯಸ್ಸಿನ ಗೆರೆಯನ್ನು ಅಲ್ಲಿರುವಾಗಲೇ ದಾಟಿಬಿಟ್ಟಿರುತ್ತಾರೆ. ಬಿ.ಇಡಿ ಮುಗಿಸಿ ಊರಿನ ಖಾಸಗಿ ಶಾಲೆಯಲ್ಲಿ ನಾಲ್ಕೈದು ವರ್ಷ ದುಡಿದು, ಆ ಸಂಬಳದಲ್ಲಿ ಮನೆ ನಡೆಯದೆಂದು ದುಬೈಗೋ ಮಸ್ಕತ್ತಿಗೋ ಮಾಲ್ಡೀವ್ಸಿಗೋ ಹೋದವರು ಇವರು. ನಮ್ಮಲ್ಲಿ ಹೊರದೇಶ ಎಂದರೆ ಸಾಫ್ಟ್‌ವೇರಿನವರ ಸುದ್ದಿಯೇ ಸುದ್ದಿ. ಶಾಲೆ ಕಲಿಸಲು ಹೋದವರು ಮಾತಿಗೆ ಬರುವುದು ಕಡಿಮೆ. ಭಾರತದಿಂದ ಶಿಕ್ಷಕರು ಹೀಗೆ ಹೋಗುವುದು ಹೊಸದೂ ಅಲ್ಲ. ಕಳೆದ ಶತಮಾನದ ನಡುವಿನ ದಶಕಗಳಲ್ಲೇ ಇಥಿಯೋಪಿಯಾದ ಶಾಲೆಗಳು ಭಾರತದ ಮೇಷ್ಟ್ರುಗಳನ್ನು ಕರೆಸಿಕೊಂಡಿದ್ದವು. ಹೋದವರು ಅಲ್ಲಿಂದ ಕಳಿಸಿದ ಹಣ ತಂಗಿಯ ಮದುವೆಗೆ, ಮನೆಯ ಮಾಡು ಬದಲಿಸುವುದಕ್ಕೆ, ತೋಟದ ಬಾವಿಗೆ, ಪಂಪ್‌ಸೆಟ್ಟಿಗೆ ಹೋಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಆದರೆ ನಲವತ್ತರ ಹೊತ್ತಿಗೆ ಊರಿಗೆ ಮರಳಿ, ಅಂದು ಬಿಟ್ಟ ಎಂ.ಎಸ್ಸಿ ಮಾಡಬೇಕು, ಪಿಎಚ್.ಡಿ ಸೇರಬೇಕು ಎಂದು ಹೊರಟಾಗ ಓದಿಗೆಂದು ಇಟ್ಟ ಗಂಟು ಇರುವುದಿಲ್ಲ. 'ಈಗೆಂತ ಓದು' ಎಂದು ಕೇಳುವವರು ಮನೆಯಲ್ಲೂ ಪೇಟೆಯಲ್ಲೂ ಸಿಗುತ್ತಾರೆ. ಆ ಪ್ರಶ್ನೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎಂಟು ಹತ್ತು ವರ್ಷ ಪರದೇಶದ ತರಗತಿಯಲ್ಲಿ ಹತ್ತಾರು ಭಾಷೆಯ ಮಕ್ಕಳಿಗೆ ಕಲಿಸಿದವರು ಮತ್ತೆ ಓದಲು ಕೂತರೆ ಲಾಭ ಈ ಜಿಲ್ಲೆಗೇ. ಉತ್ತರ ಬೇಕಿರುವುದು ದುಡ್ಡಿನ ಪ್ರಶ್ನೆಗೆ.

ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಬರ್ಮಿಂಗ್‌ಹ್ಯಾಮಿಗೆ ಹೋದದ್ದು 1963ರಲ್ಲಿ, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ದಿನಗಳಲ್ಲಿ. ಆಗ ಅವರಿಗೆ ಮೂವತ್ತು ದಾಟಿತ್ತು. 1966ರಲ್ಲಿ ಡಾಕ್ಟರೇಟ್ ಪಡೆದರು. ಮುಂದಿನ ದಶಕಗಳಲ್ಲಿ ಯುಜಿಸಿಯೇ ಅಧ್ಯಾಪಕರಿಗೆಂದು ಒಂದು ಯೋಜನೆ ನಡೆಸಿತು: ಸಂಬಳದ ಮೇಲೆ ರಜೆ, ಬದಲಿಗೆ ಬೇರೊಬ್ಬ ಉಪನ್ಯಾಸಕ, ಓದು ಮುಗಿಸಿ ಅದೇ ಕಾಲೇಜಿಗೆ ವಾಪಸು. ನಮ್ಮ ಕಾಲೇಜುಗಳ ಎಷ್ಟೋ ಹಿರಿಯರು ಡಾಕ್ಟರೇಟ್ ಪಡೆದದ್ದು ಹಾಗೆ. ಈ ವ್ಯವಸ್ಥೆಗಳೆಲ್ಲ ನಿಂತದ್ದು ಹಿಂದೆ ಒಂದು ಸಂಸ್ಥೆ ಇದೆ ಎಂಬ ನಂಬಿಕೆಯ ಮೇಲೆ. ಶಾರ್ಜಾದ ಶಾಲೆಗೆ ರಾಜೀನಾಮೆ ಕೊಟ್ಟು ಬಂದ ಶಿಕ್ಷಕಿಯ ಹಿಂದೆ ಯಾವ ಸಂಸ್ಥೆಯೂ ಇಲ್ಲ.

ಹಾಗಾದರೆ ಅವಳ ಕೈಯಲ್ಲಿ ಇರುವುದೇನು? ಒಂದು ಲೆಕ್ಕವನ್ನೇ ಹಾಕಿ ನೋಡೋಣ. ಯಲ್ಲಾಪುರ ಕಡೆಯ ಬಿ.ಎಸ್ಸಿ, ಬಿ.ಇಡಿ ಓದಿದ 38 ವರ್ಷದ ಶಿಕ್ಷಕಿ ಎಂದಿಟ್ಟುಕೊಳ್ಳಿ. ಎಂಟು ವರ್ಷ ಶಾರ್ಜಾದಲ್ಲಿ ಗಣಿತ ಕಲಿಸಿದ್ದಾಳೆ. ಮೂಲವೇತನ ತಿಂಗಳಿಗೆ 3,000 ದಿರ್ಹಮ್. ಸಂಯುಕ್ತ ಅರಬ್ ಸಂಸ್ಥಾನದ ಕಾರ್ಮಿಕ ಕಾನೂನಿನಂತೆ ಕೆಲಸ ಬಿಡುವಾಗ ಗ್ರಾಚ್ಯುಯಿಟಿ ಬರುತ್ತದೆ: ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲವೇತನ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ್ದು. ದಿನಕ್ಕೆ 100 ದಿರ್ಹಮ್ ಆದ್ದರಿಂದ ಐದು ವರ್ಷಕ್ಕೆ 10,500, ಉಳಿದ ಮೂರಕ್ಕೆ 9,000. ಒಟ್ಟು 19,500 ದಿರ್ಹಮ್. ದಿರ್ಹಮಿಗೆ 23 ರೂಪಾಯಿ ಹಿಡಿದರೆ 4,48,500 ರೂಪಾಯಿ. ಕೈಗೆ ಬರುತ್ತಿದ್ದ ಸಂಬಳದಲ್ಲಿ ವಸತಿ, ಸಾರಿಗೆ ಭತ್ಯೆಗಳೂ ಸೇರಿರುತ್ತವೆ. ಗ್ರಾಚ್ಯುಯಿಟಿಗೆ ಅವು ಲೆಕ್ಕವಿಲ್ಲ. ಕರಾರುಪತ್ರದಲ್ಲಿ ಮೂಲವೇತನ ಎಷ್ಟೆಂದು ಬರೆದಿದೆಯೋ ಅದೇ ಕೊನೆಗೆ ಉಳಿಯುವುದು.

ಸೌದಿಯಲ್ಲಿ ಲೆಕ್ಕ ಬೇರೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ಪೂರ್ತಿ ತಿಂಗಳು. ಆದರೆ ತಾನಾಗಿ ರಾಜೀನಾಮೆ ಕೊಟ್ಟರೆ ಕಡಿತವಿದೆ: ಎರಡರಿಂದ ಐದು ವರ್ಷದ ಸೇವೆಗೆ ಕೈಗೆ ಬರುವುದು ಮೂರನೇ ಒಂದು ಪಾಲು, ಐದರಿಂದ ಹತ್ತಕ್ಕೆ ಮೂರನೇ ಎರಡು, ಹತ್ತು ತುಂಬಿದ ಮೇಲಷ್ಟೇ ಪೂರ್ತಿ. ಮದುವೆಯಾದ ಆರು ತಿಂಗಳೊಳಗೆ ಅಥವಾ ಹೆರಿಗೆಯಾದ ಮೂರು ತಿಂಗಳೊಳಗೆ ಕೆಲಸ ಬಿಡುವ ಹೆಂಗಸಿಗೆ ಮಾತ್ರ ಈ ಕಡಿತವಿಲ್ಲ. ಒಂಬತ್ತೂವರೆ ವರ್ಷಕ್ಕೆ ರಾಜೀನಾಮೆ ಬರೆಯುವವರು ಇನ್ನಾರು ತಿಂಗಳು ತಡೆದರೆ ಒಂದು ವರ್ಷದ ಓದಿನ ಖರ್ಚೇ ಹುಟ್ಟಬಹುದು.

ಇನ್ನು ಬ್ಯಾಂಕಿನ ಖಾತೆಗಳು. ಕಾಯಂ ಆಗಿ ಮರಳಿದವರು ಅನಿವಾಸಿಗಳಿಗೆಂದಿರುವ ಎನ್‌ಆರ್‌ಇ ಖಾತೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ. ಬ್ಯಾಂಕಿಗೆ ತಿಳಿಸಿ ನಿವಾಸಿ ಖಾತೆಯಾಗಿ ಬದಲಿಸಬೇಕು, ಇಲ್ಲವೇ ವಿದೇಶಿ ಹಣದಲ್ಲೇ ಇಡುವ ಆರ್‌ಎಫ್‌ಸಿ ಖಾತೆಗೆ ವರ್ಗಾಯಿಸಬೇಕು. ಎನ್‌ಆರ್‌ಇ ಬಡ್ಡಿಗಿದ್ದ ತೆರಿಗೆ ವಿನಾಯಿತಿ ಅಲ್ಲಿಗೆ ನಿಲ್ಲುತ್ತದೆ. ವಿದೇಶಿ ಕರೆನ್ಸಿಯ ಎಫ್‌ಸಿಎನ್‌ಆರ್ ಠೇವಣಿಯನ್ನು ಮಾತ್ರ ಅವಧಿ ಮುಗಿಯುವತನಕ ಮುಂದುವರಿಸಬಹುದು. ಈ ಠೇವಣಿ ಒಂದರಿಂದ ಐದು ವರ್ಷದವರೆಗೆ ಸಿಗುತ್ತದೆ. ಹೊರಡುವ ಮೊದಲೇ ಉಳಿತಾಯವನ್ನು ಎರಡು ಭಾಗ ಮಾಡಿ, ಒಂದು ಮೊದಲ ವರ್ಷಕ್ಕೆ ಕೈಗೆಟುಕುವಂತೆ, ಇನ್ನೊಂದು ಎರಡನೇ ವರ್ಷದ ಶುಲ್ಕದ ಹೊತ್ತಿಗೆ ಮಾಗುವಂತೆ ಇಟ್ಟವರು ನಡುವೆ ಸಾಲಕ್ಕೆ ಅಲೆಯಬೇಕಾಗುವುದಿಲ್ಲ.

ತೆರಿಗೆಯ ಕಾನೂನಿನಲ್ಲಿ ಮರಳಿದವರಿಗೊಂದು ನಡುವಿನ ಸ್ಥಿತಿ ಇದೆ: ನಿವಾಸಿ ಹೌದು, ಆದರೆ ಸಾಮಾನ್ಯ ನಿವಾಸಿ ಅಲ್ಲ. ಹಿಂದಿನ ಏಳು ವರ್ಷದಲ್ಲಿ ಭಾರತದಲ್ಲಿ ಒಟ್ಟು 729 ದಿನ ಮೀರದೆ ಇದ್ದವರು ಇದರಲ್ಲಿ ಬರುತ್ತಾರೆ. ವರ್ಷಕ್ಕೆ 60 ದಿನ ರಜೆಗೆ ಊರಿಗೆ ಬಂದ ನಮ್ಮ ಶಿಕ್ಷಕಿಗೆ ಏಳು ವರ್ಷಕ್ಕೆ 420 ದಿನ. ಮರಳಿದ ಮೊದಲ ವರ್ಷ ಸಲೀಸು. ಎರಡನೇ ವರ್ಷದ ಲೆಕ್ಕಕ್ಕೆ ಊರಲ್ಲಿ ಕಳೆದ 365 ದಿನ ಮತ್ತು ಹಿಂದಿನ ಆರು ವರ್ಷದ 360 ದಿನ ಕೂಡಿ 725. ನಾಲ್ಕು ದಿನದ ಅಂತರದಲ್ಲಿ ಪಾರು. ರಜೆ ವರ್ಷಕ್ಕೆ ಒಂದೊಂದು ದಿನ ಹೆಚ್ಚಾಗಿದ್ದರೂ ಪಾರಾಗುತ್ತಿರಲಿಲ್ಲ. ಈ ಸ್ಥಿತಿ ಇರುವಷ್ಟು ಕಾಲ ಎಫ್‌ಸಿಎನ್‌ಆರ್, ಆರ್‌ಎಫ್‌ಸಿ ಬಡ್ಡಿಗೂ ಹೊರದೇಶದ ಆದಾಯಕ್ಕೂ ಇಲ್ಲಿ ತೆರಿಗೆ ಬೀಳುವುದಿಲ್ಲ. ಸಣ್ಣ ಉಳಿತಾಯದವರಿಗೆ ಹೇಗೂ ತೆರಿಗೆ ತಾಗದು. ಇಪ್ಪತ್ತು ವರ್ಷ ದುಡಿದು ದೊಡ್ಡ ಠೇವಣಿ ಇಟ್ಟವರಿಗೆ ಇದು ಲೆಕ್ಕದ ವಿಷಯ. ಸ್ನಾತಕೋತ್ತರ ಪದವಿಯೂ ಎರಡೇ ವರ್ಷ. ಹಳೆಯ ಪಾಸ್‌ಪೋರ್ಟುಗಳ ಮುದ್ರೆಗಳನ್ನು ಕೂಡಿಸಿ ನೋಡಿ, ಸಂಶಯವಿದ್ದರೆ ಲೆಕ್ಕಪರಿಶೋಧಕರಿಗೆ ತೋರಿಸಿ.

ಊರಿಂದ ಹೊರಡುವ ಮೊದಲು ತೆರೆದ ಪಿಪಿಎಫ್ ಖಾತೆ ಮರೆತುಹೋಗಿದ್ದರೆ ಅದನ್ನೂ ಹುಡುಕಿ ತೆಗೆಯಬೇಕು. ಐದು ವರ್ಷ ತುಂಬಿದ ಮೇಲೆ ಖಾತೆದಾರರ ಸ್ವಂತ ಉನ್ನತ ಶಿಕ್ಷಣಕ್ಕೆ ಅವಧಿಗೆ ಮುಂಚೆ ಮುಚ್ಚಬಹುದು. ಬಡ್ಡಿಯಲ್ಲಿ ಶೇಕಡಾ ಒಂದು ಕಡಿತ.

ಈಗ ಖರ್ಚಿನ ಕಡೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ ಎಂದಿಟ್ಟುಕೊಳ್ಳಿ. ಧಾರವಾಡದಲ್ಲಿ ಕೋಣೆ, ಊಟಕ್ಕೆ ತಿಂಗಳಿಗೆ 8,000 ಹಿಡಿದರೆ ಎರಡು ವರ್ಷಕ್ಕೆ 1,92,000. ಶುಲ್ಕ, ಪುಸ್ತಕ, ಪರೀಕ್ಷೆ ಎಲ್ಲ ಸೇರಿ 50,000. ಓದಿನ ಖರ್ಚು ಇಷ್ಟೇ, ಎರಡೂವರೆ ಲಕ್ಷದೊಳಗೆ. ಹೆಂಗಸರಿಗೆ ಬಸ್ಸಿನ ಖರ್ಚೂ ಇಲ್ಲ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ವಾಯವ್ಯ ಸಾರಿಗೆಯ ಸಾಮಾನ್ಯ ಬಸ್ಸು ಹತ್ತಿ ಯಲ್ಲಾಪುರದಿಂದ ಹುಬ್ಬಳ್ಳಿ ಮೇಲೆ ಧಾರವಾಡಕ್ಕೆ ಟಿಕೆಟಿಗೆ ದುಡ್ಡಿಲ್ಲದೆ ಹೋಗಿಬರಬಹುದು. ವಾರ ವಾರ ಊರಿಗೆ ಬಂದು ಹೋಗುವವರಿಗೆ ಇದು ಸಣ್ಣ ನೆರವಲ್ಲ. ಭಾರ ಬೀಳುವುದು ಇನ್ನೊಂದು ಕಡೆ. ಅವಳು ಕಳಿಸುತ್ತಿದ್ದ ಹಣದಲ್ಲಿ ನಡೆಯುತ್ತಿದ್ದ ಮನೆ ಈ ಎರಡು ವರ್ಷವೂ ನಡೆಯಬೇಕು. ಮಗುವಿನ ಶಾಲೆ, ಅಪ್ಪನ ಔಷಧ, ಕಿರಾಣಿ ಎಂದು ತಿಂಗಳಿಗೆ 20,000 ಹಿಡಿದರೆ 4,80,000. ಒಟ್ಟು 7,22,000. ಗ್ರಾಚ್ಯುಯಿಟಿ ಕಳೆದರೆ ಕೊರತೆ 2,73,500. ಇದರ ಮೇಲೆ, ಗಲ್ಫಿನ ಭಾರತೀಯ ಪಠ್ಯಕ್ರಮದ ಶಾಲೆಗಳ ವರ್ಷ ಮಾರ್ಚಿಗೆ ಮುಗಿದರೆ ನಮ್ಮ ಸ್ನಾತಕೋತ್ತರ ತರಗತಿ ಶುರುವಾಗುವುದು ಮಳೆಗಾಲದಲ್ಲಿ ಅಥವಾ ಅದು ಕಳೆದ ಮೇಲೆ. ನಡುವಿನ ತಿಂಗಳುಗಳಿಗೆ ಆದಾಯವಿಲ್ಲ.

ಈ ಕೊರತೆಯನ್ನು ಬ್ಯಾಂಕಿನ ಶಿಕ್ಷಣ ಸಾಲ ತುಂಬುತ್ತದೆಯೇ? ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಯೋಜನೆಯಲ್ಲಿ ವಯಸ್ಸಿನ ನಿರ್ಬಂಧ ಹೇಳಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು; ಕೌಂಟರಿನಲ್ಲಿ ಯಾರಾದರೂ ವಯಸ್ಸು ನೋಡಿ ತಲೆಯಾಡಿಸಿದರೆ ಲಿಖಿತ ಕಾರಣ ಕೇಳಬಹುದು. 4 ಲಕ್ಷದವರೆಗೆ ಆಧಾರ ಕೇಳುವುದಿಲ್ಲ. ಓದಿನ ಅವಧಿ ಮತ್ತು ಮುಂದಿನ ಒಂದು ವರ್ಷ ಕಂತು ಇಲ್ಲ, ಆಮೇಲೆ 15 ವರ್ಷದವರೆಗೆ ತೀರಿಸಬಹುದು. ಆದರೆ ಈ ಸಾಲ ಹೋಗುವುದು ಶುಲ್ಕ, ಹಾಸ್ಟೆಲ್, ಪುಸ್ತಕ, ಲ್ಯಾಪ್‌ಟಾಪಿಗೆ. ಶುಲ್ಕವಂತೂ ನೇರವಾಗಿ ಕಾಲೇಜಿನ ಖಾತೆಗೆ. ಅಪ್ಪನ ಔಷಧಕ್ಕೆ, ಮಗುವಿನ ಶಾಲೆಗೆ ಒಂದು ರೂಪಾಯಿಯೂ ಇಲ್ಲ. ಓದುವವನು ಇಪ್ಪತ್ತರ ಹುಡುಗ, ಅವನ ಹಿಂದೆ ದುಡಿಯುವ ಅಪ್ಪ ಇದ್ದಾನೆ ಎಂದು ಯೋಚಿಸಿ ಮಾಡಿದ ಸಾಲ ಇದು. ಸಹಸಾಲಗಾರರ ಸಹಿ ಕೇಳುವುದೂ ಅದೇ ಯೋಚನೆಯಲ್ಲಿ. 38ರ ಮಗಳಿಗೆ 70ರ ಅಪ್ಪ ಸಹಿ ಹಾಕಿದರೆ ಬ್ಯಾಂಕಿಗೆ ಅದರಿಂದ ಯಾವ ಧೈರ್ಯವೂ ಬರುವುದಿಲ್ಲ. ಮದುವೆಯಾಗಿದ್ದರೆ ಗಂಡನ ಸಹಿ ನಡೆಯುತ್ತದೆ.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯೂ ಇದೇ ಚೌಕಟ್ಟಿನದು. ಪಟ್ಟಿಯಲ್ಲಿರುವ ಗುಣಮಟ್ಟದ ಸಂಸ್ಥೆಗಳಿಗೆ ಅರ್ಹತೆಯ ಮೇಲೆ ಸೇರಿದವರಿಗೆ ಆಧಾರವಿಲ್ಲದ, ಜಾಮೀನಿಲ್ಲದ ಸಾಲ. ಮೊದಲ ಪಟ್ಟಿಯಲ್ಲಿ 860 ಸಂಸ್ಥೆಗಳಿದ್ದವು. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇಕಡಾ 3ರ ಬಡ್ಡಿ ನೆರವು. ದುಬಾರಿ ಕೋರ್ಸಿಗೆ ಸೇರುವವರು ಇದನ್ನು ನೋಡಲೇಬೇಕು. ಬಡ್ಡಿಯ ವಿಷಯದಲ್ಲಿ ಒಂದು ಮಾತು: 3 ಲಕ್ಷವನ್ನು ಎರಡು ಕಂತಿನಲ್ಲಿ, ಶೇಕಡಾ 10ರ ದರದಲ್ಲಿ ಪಡೆದರೆ ಮೂರು ವರ್ಷದಲ್ಲಿ ಸರಳ ಬಡ್ಡಿಯೇ 75,000 ಆಗುತ್ತದೆ. ಅದನ್ನು ಓದುವಾಗಲೇ ಕಟ್ಟುತ್ತ ಬಂದರೆ ಹತ್ತು ವರ್ಷದ ಕಂತು ತಿಂಗಳಿಗೆ 3,965. ಅಸಲಿಗೆ ಸೇರಲು ಬಿಟ್ಟರೆ 4,956. ಆ ಬಿಟ್ಟ 75,000 ಕೊನೆಗೆ ಸುಮಾರು 1,19,000 ಆಗಿ ಹೋಗುತ್ತದೆ. ಬಡ್ಡಿಗೆ ಆದಾಯ ತೆರಿಗೆಯಲ್ಲಿ ಕಡಿತ ಸಿಗುತ್ತದೆಂದು ಏಜೆಂಟರು ಹೇಳುತ್ತಾರೆ; 80ಇ ಎಂದೇ ಹೆಸರಾದ ಆ ಸೌಲಭ್ಯ ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ.

ದೊಡ್ಡ ಸಾಲಕ್ಕೆ ಆಧಾರ ಕೇಳಿದಾಗ ನಮ್ಮ ಮೂರು ತಾಲೂಕಿನವರಿಗೆ ಎದುರಾಗುವ ಕಷ್ಟವೇ ಬೇರೆ. ಎರಡೆಕರೆ ಅಡಿಕೆ ತೋಟವಿದ್ದವರು ಊರಿನ ಲೆಕ್ಕದಲ್ಲಿ ಅನುಕೂಲಸ್ಥರು. ಬ್ಯಾಂಕಿನ ಲೆಕ್ಕದಲ್ಲಿ ಹಾಗಲ್ಲ. ಸಾಲ ತೀರದಾಗ ಕೋರ್ಟಿಗೆ ಹೋಗದೆ ಆಸ್ತಿ ಹರಾಜು ಹಾಕಲು ಬ್ಯಾಂಕುಗಳಿಗೆ ಬಲ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಶಿಕ್ಷಣ ಸಾಲಕ್ಕೆ ತೋಟದ ಪಹಣಿ ತಂದಿಟ್ಟರೆ ಬ್ಯಾಂಕು ಪೇಟೆಯ ಮನೆ ಇದೆಯೇ, ಠೇವಣಿ ಇದೆಯೇ ಎಂದು ಕೇಳುತ್ತದೆ. ಎಕರೆ ತೋಟಕ್ಕೆ ಒಂಬತ್ತು ಎಕರೆಯಂತೆ ಬಿಟ್ಟ ಸೊಪ್ಪಿನ ಬೆಟ್ಟದಲ್ಲಿ ನಮಗಿರುವುದು ಸೌಲಭ್ಯದ ಹಕ್ಕು. ಒಡೆತನವಲ್ಲ, ಒತ್ತೆಗೆ ಬಾರದು. ಅರಣ್ಯ ಅತಿಕ್ರಮಣದ ಜಾಗದಲ್ಲಿ ಮನೆ ಕಟ್ಟಿಕೊಂಡವರ ಕೈಯಲ್ಲಂತೂ ತೋರಿಸಲು ಕಾಗದವೇ ಇಲ್ಲ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಪೌತಿ ಖಾತೆಯಾಗಬೇಕು, ದಾಯಾದಿಗಳೆಲ್ಲರ ಸಹಿ ಬೇಕು.

ಈ ಊರಿನ ದುಡ್ಡಿನ ನಡೆ ಬಲ್ಲ ಬೇರೆ ಸಂಸ್ಥೆಗಳಿವೆ. ಕೆಡಿಸಿಸಿ ಬ್ಯಾಂಕು ಸಿರ್ಸಿಯಲ್ಲಿ ನಿಂತು ನೂರು ವರ್ಷ ಕಳೆಯಿತು. ತೋಟಗಾರರ ಸೇಲ್ ಸೊಸೈಟಿ ಶುರುವಾದದ್ದು 1923ರಲ್ಲಿ. ಟಿಎಂಎಸ್ ಎಂಬ ತಾಲೂಕು ಮಾರಾಟ ಸಂಘಗಳಿವೆ, ಹಳ್ಳಿ ಹಳ್ಳಿಯಲ್ಲಿ ಸೇವಾ ಸಹಕಾರಿ ಸಂಘಗಳಿವೆ. ತೋಟದ ಮೇಲೆ ಬೋಜಾ ದಾಖಲಿಸಿ ಬೆಳೆಸಾಲ ಕೊಡುವುದು, ದಾಸ್ತಾನಿಟ್ಟ ಚಾಲಿ ಅಡಿಕೆಯ ಮೇಲೆ ಮುಂಗಡ ಕೊಡುವುದು, ಮಹಸೂಲು ಬಂದಾಗ ಮುರಿದುಕೊಳ್ಳುವುದು ಇವರಿಗೆ ಮೂರು ತಲೆಮಾರಿನ ಅಭ್ಯಾಸ. ಅಡಿಕೆಯವನ ಆದಾಯ ತಿಂಗಳಿಗೆ ಬರುವುದಲ್ಲ, ಕೊನೆಕೊಯ್ಲು ಮುಗಿದು ಅಡಿಕೆ ಮಾರಿದ ಮೇಲೆ ವರ್ಷಕ್ಕೊಮ್ಮೆ ಬರುವುದು ಎಂದು ಬ್ಯಾಂಕಿನ ಕಂಪ್ಯೂಟರಿಗೆ ತಿಳಿಯದು, ಸೊಸೈಟಿಯ ಗುಮಾಸ್ತರಿಗೆ ತಿಳಿದಿದೆ.

ನಾನು ಹೇಳಬೇಕೆಂದಿರುವುದು ಇದೇ. ಮರಳಿ ಓದುವವರಿಗೆಂದು ನಮ್ಮ ಸಂಘಗಳೇ ಒಂದು ಸಾಲ ರೂಪಿಸಬೇಕು. 3 ಲಕ್ಷ ಸಾಕು. ಮನೆಖರ್ಚಿಗೂ ಬಳಸುವಂತಿರಬೇಕು. ಮೂರು ವರ್ಷ ಬಡ್ಡಿ ಮಾತ್ರ, ಆಮೇಲೆ ಐದು ವಾರ್ಷಿಕ ಕಂತು, ಮಹಸೂಲಿನ ಹೊತ್ತಿಗೆ. ಶೇಕಡಾ 10ರ ಬಡ್ಡಿ ಹಿಡಿದರೆ ಮೊದಲ ಕಂತು ಅಸಲು 60,000, ಬಡ್ಡಿ 30,000, ಒಟ್ಟು 90,000, ಕೊನೆಯದು 66,000. ಕ್ವಿಂಟಲ್ ಚಾಲಿಗೆ 40,000 ಎಂದಿಟ್ಟುಕೊಂಡರೂ ಮೊದಲ ಕಂತು ಎರಡೂಕಾಲು ಕ್ವಿಂಟಲ್. ಕೊಳೆರೋಗವೋ ಎಲೆಚುಕ್ಕೆಯೋ ಬಿದ್ದ ವರ್ಷ ಕಂತು ಮುಂದೂಡುವ ವಿವೇಚನೆ ಆಡಳಿತ ಮಂಡಳಿಗೆ ಇರಲಿ. ವಾಹನಕ್ಕೆ, ಮನೆ ರಿಪೇರಿಗೆ, ಮದುವೆಗೆ ಹಣ ಹುಟ್ಟುವ ಊರಿನಲ್ಲಿ ನಲವತ್ತರ ಓದಿಗೆ ಹುಟ್ಟಬಾರದೇಕೆ? ಸಿಂಗಾಪುರದ ಸರ್ಕಾರ ಇದನ್ನು ತನ್ನ ಕೆಲಸವೆಂದು ಒಪ್ಪಿಕೊಂಡಿದೆ: 2024ರಲ್ಲಿ 40 ತುಂಬಿದ ಪ್ರಜೆಗಳಿಗೆ ಕಲಿಕೆಗೆಂದು 4,000 ಸಿಂಗಾಪುರ ಡಾಲರ್ ಕೊಟ್ಟಿತು, 2025ರಿಂದ ಆಯ್ದ ಪೂರ್ಣಾವಧಿ ಕೋರ್ಸು ಸೇರಿದವರಿಗೆ ಹಿಂದಿನ ಆದಾಯದ ಅರ್ಧದಷ್ಟು, ತಿಂಗಳಿಗೆ ಹೆಚ್ಚೆಂದರೆ 3,000 ಡಾಲರ್, 24 ತಿಂಗಳವರೆಗೆ ಭತ್ಯೆ ಕೊಡುತ್ತಿದೆ. ಓದುವವರ ಮನೆಯೂ ನಡೆಯಬೇಕೆಂದು ಅಲ್ಲಿ ಗೊತ್ತಾಗಿದೆ.

ನಮ್ಮ ಸಂಘಗಳು ಅಂಥ ಸಾಲ ಕೊಡುವವರೆಗೆ ಕೆಲಸ ಬಿಡದೆ ಓದುವ ದಾರಿಗಳನ್ನು ನೋಡಬೇಕು. ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಕೆಲವು ವರ್ಷ ಕಳೆದುಕೊಂಡಿದ್ದ ಯುಜಿಸಿ ಮಾನ್ಯತೆಯನ್ನು 2018ರಲ್ಲಿ ಮತ್ತೆ ಪಡೆದಿದೆ. ಸಿದ್ದಾಪುರದವರಿಗೆ ತಾಳಗುಪ್ಪದಲ್ಲಿ ಮೈಸೂರಿನ ರೈಲೇ ಸಿಗುತ್ತದೆ. ಸೇರುವ ಮೊದಲು ಆ ವರ್ಷದ, ಆ ಕೋರ್ಸಿನ ಮಾನ್ಯತೆ ಇದೆಯೇ ಎಂದು ಯುಜಿಸಿ ಪಟ್ಟಿ ನೋಡಿಕೊಳ್ಳಿ. ಪಿಎಚ್.ಡಿ ಮಾತ್ರ ದೂರಶಿಕ್ಷಣದಲ್ಲಿ ಇಲ್ಲ. ಆದರೆ 2022ರ ಯುಜಿಸಿ ನಿಯಮಾವಳಿ ಅರೆಕಾಲಿಕ ಪಿಎಚ್.ಡಿಗೆ ಅವಕಾಶ ಕೊಟ್ಟಿದೆ. ಕೆಲಸ ಕೊಟ್ಟ ಸಂಸ್ಥೆಯ ಒಪ್ಪಿಗೆಪತ್ರ ಬೇಕು. ಅವಧಿ ಆರು ವರ್ಷ, ಮರುನೋಂದಣಿಯಿಂದ ಎಂಟು, ಮಹಿಳೆಯರಿಗೆ ಎಲ್ಲ ಸೇರಿ ಹತ್ತರವರೆಗೆ. ಮನೆ, ತೋಟ, ಶಾಲೆ ಮೂರನ್ನೂ ನೋಡಿಕೊಳ್ಳುವವರಿಗೆ ಜೆಆರ್‌ಎಫ್ ಕೈತಪ್ಪಿದ ಮೇಲೆ ನಾನು ಹೇಳುವುದು ಇದನ್ನೇ. ಯಲ್ಲಾಪುರ, ಸಿರ್ಸಿ ಕಡೆಯ ಸಿದ್ದಿಗಳಿಗೆ ಇನ್ನೊಂದು ದಾರಿಯೂ ಇದೆ: ಅವರು 2003ರಿಂದ ಪರಿಶಿಷ್ಟ ಪಂಗಡದಲ್ಲಿದ್ದಾರೆ. ಪಂಗಡಗಳ ಸಂಶೋಧಕರಿಗೆ ವರ್ಷಕ್ಕೆ 750 ರಾಷ್ಟ್ರೀಯ ಫೆಲೋಶಿಪ್‌ಗಳಿವೆ.

ಇನ್ನೊಂದು ಆದಾಯ ಮರಳಿದವರ ಕೈಯಲ್ಲೇ ಇರುತ್ತದೆ: ಬಿಟ್ಟುಬಂದ ಊರಿನ ಮಕ್ಕಳು. ದುಬೈಗೂ ನಮಗೂ ಒಂದೂವರೆ ತಾಸಿನ ಅಂತರ, ಸೌದಿಗೆ ಎರಡೂವರೆ. ಇಲ್ಲಿ ಸಂಜೆ ಆರಕ್ಕೆ ಕೂತರೆ ಅಲ್ಲಿ ಶಾಲೆ ಬಿಟ್ಟು ಬಂದ ಮಕ್ಕಳು ಸಿಗುತ್ತಾರೆ. ಆನ್‌ಲೈನ್ ಪಾಠದಲ್ಲಿ ತಿಂಗಳಿಗೆ 10,000 ಬಂದರೂ ಎರಡು ವರ್ಷಕ್ಕೆ 2,40,000. ಮೇಲಿನ ಕೊರತೆಯ ಬಹುಪಾಲು ಅಲ್ಲೇ ತುಂಬುತ್ತದೆ. ಆಷಾಢದ ಗಾಳಿಮಳೆಗೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ಹಳ್ಳಿಗಳಲ್ಲಿ ಇದಕ್ಕೆ ಇನ್ವರ್ಟರ್ ಬೇಕು, ಇಲ್ಲವೇ ಪೇಟೆಯಲ್ಲೊಂದು ಕೋಣೆ.

ಸೊಸೈಟಿಯ ಸಾಲಕ್ಕೆ ಮರಳುವುದಾದರೆ, ಅದನ್ನು ಕೇಳುವ ಜಾಗ ಸಂಘದ ವಾರ್ಷಿಕ ಸರ್ವಸಾಧಾರಣ ಸಭೆ. ಪ್ರತಿ ವರ್ಷ ಸೆಪ್ಟೆಂಬರ್ ಮುಗಿಯುವುದರೊಳಗೆ ನಡೆಯುತ್ತದೆ. ಸದಸ್ಯರು ವಿಷಯ ಬರೆದು ಕೊಡಬಹುದು. ತೊಡಕಿರುವುದು ಆ ಸದಸ್ಯತ್ವದಲ್ಲಿ. ತೋಟ ಅಣ್ಣನ ಹೆಸರಿನಲ್ಲಿದ್ದರೆ ಶೇರೂ ಅಣ್ಣನದೇ, ಹೊರದೇಶದಿಂದ ಬಂದ ತಂಗಿಗೆ ಸಭೆಯಲ್ಲಿ ಕುರ್ಚಿಯೂ ಇಲ್ಲ, ಸಾಲವೂ ಇಲ್ಲ; ಆ ತೋಟದ ಬಾವಿಗೆ ದುಡ್ಡು ಕಳಿಸಿದವಳು ಅವಳೇ ಆಗಿದ್ದರೂ. ಹೆಣ್ಣುಮಕ್ಕಳಿಗೆ ಕೂಡುಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, ದೇಶ 2005ರಲ್ಲಿ. ಊರಿಗೆ ಬಂದ ಮೊದಲ ತಿಂಗಳಲ್ಲೇ ಪಹಣಿಯಲ್ಲಿ ತನ್ನ ಹೆಸರು ಇದೆಯೇ ನೋಡಿ, ಇಲ್ಲದಿದ್ದರೆ ಅರ್ಜಿ ಕೊಟ್ಟು, ಸಂಘದ ಶೇರು ಕೊಂಡು ಸದಸ್ಯೆಯಾಗುವುದು ವಿಶ್ವವಿದ್ಯಾಲಯದ ಅರ್ಜಿ ತುಂಬುವಷ್ಟೇ ಮುಖ್ಯವಾದ ಕೆಲಸ.